ಇಂಗ್ಲಿಷಿನ ‘ಗೆಟ್’ಗೆ ಸ್ಪ್ಯಾನಿಷ್‌ನಲ್ಲಿ ಒಂದೇ ಪದ ಏಕಿಲ್ಲ?

‘ಗೆಟ್’ ತನ್ನಷ್ಟಕ್ಕೆ ಹೇಳುವುದು ಬಹಳ ಕಡಿಮೆ. ಅದರ ಅರ್ಥವನ್ನು ನಿರ್ಧರಿಸುವುದು ಮುಂದೆ ಬರುವ ಪದ. ಸ್ಪ್ಯಾನಿಷ್‌ನಲ್ಲಿ ಆ ಅರ್ಥ ಕ್ರಿಯಾಪದದೊಳಗೇ ಅಡಗಿರುತ್ತದೆ. ಆದ್ದರಿಂದ ಅನುವಾದಿಸಬೇಕಾದದ್ದು ‘ಗೆಟ್’ ಅನ್ನಲ್ಲ, ಇಡೀ ಪದಗುಚ್ಛವನ್ನು.

ಪತ್ರ ಕೈಸೇರಿದರೆ ‘ರೆಸಿಬಿರ್’, ಪ್ರಯತ್ನಪಟ್ಟು ಕೆಲಸ ಗಿಟ್ಟಿಸಿಕೊಂಡರೆ ‘ಕೊನ್ಸೆಗಿರ್’, ಮನೆ ತಲುಪಿದರೆ ‘ಯೆಗಾರ್’. ಬಸ್ಸಿನ ವಿಷಯದಲ್ಲಿ ಇಂಗ್ಲಿಷ್ ‘ಗೆಟ್’ ಜೊತೆಗೆ ‘ಆನ್’ ಅಥವಾ ‘ಆಫ್’ ಸೇರಿಸಿ ದಿಕ್ಕನ್ನು ತೋರಿಸಿದರೆ, ಸ್ಪ್ಯಾನಿಷ್ ನಮ್ಮ ‘ಹತ್ತು’, ‘ಇಳಿ’ಗಳಂತೆ ‘ಸುಬಿರ್’, ‘ಬಹಾರ್’ ಎಂಬ ಎರಡು ಬೇರೆ ಕ್ರಿಯಾಪದಗಳನ್ನೇ ಬಳಸುತ್ತದೆ. ಹಾಗಾಗಿ ಇಷ್ಟರ ಮಟ್ಟಿಗೆ ಕನ್ನಡಿಗರು ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದಲೇ ಸ್ಪ್ಯಾನಿಷ್‌ಗೆ ಹೋಗುವುದು ಸುಲಭವೆಂದು ನನ್ನ ಅನಿಸಿಕೆ.

ನಿಜವಾದ ತೊಡಕಿರುವುದು ‘ಆಗು’ ಎಂಬ ಅರ್ಥದಲ್ಲಿ. ಕನ್ನಡದ ಒಂದೇ ‘ಆಗು’ ಇಲ್ಲಿ ನಾಲ್ಕಾಗಿ ಒಡೆಯುತ್ತದೆ: ಗಳಿಗೆಯ ಮಟ್ಟಿಗೆ ಅಧೀರನಾದರೆ ‘ಪೊನೆರ್ಸೆ’, ಓದಿ ವೈದ್ಯನಾದರೆ, ದುಡಿದು ಶ್ರೀಮಂತನಾದರೆ ‘ಅಸೆರ್ಸೆ’, ಹುಚ್ಚನಾದರೆ, ಅಂದರೆ ಸ್ವಭಾವವೇ ಬದಲಾದರೆ, ‘ಬೊಲ್ಬೆರ್ಸೆ’, ಏನನ್ನೋ ಕಳೆದುಕೊಂಡು ಕಿವುಡನೋ ವಿಧುರನೋ ಆಗಿ ಉಳಿದರೆ ‘ಕೆದಾರ್ಸೆ’. ಕೊನೆಯದರ ಮೂಲಾರ್ಥವೇ ‘ಉಳಿದುಕೊಳ್ಳು’ ಎಂದಿರುವುದರಿಂದ ಅದನ್ನು ನೆನಪಿಡುವುದು ಕಷ್ಟವಲ್ಲ. ಈ ಗಡಿಗಳು ಕೆಲವೊಮ್ಮೆ ಒಂದರೊಳಗೊಂದು ಬೆರೆಯುತ್ತವೆ. ಕೋಪಗೊಳ್ಳುವುದಕ್ಕಂತೂ ಈ ನಾಲ್ಕರ ಹಂಗಿಲ್ಲದ ಸ್ವತಂತ್ರ ಪದಗಳೇ ಇವೆ: ಸ್ಪೇನ್‌ನಲ್ಲಿ ಹೆಚ್ಚಾಗಿ ‘ಎನ್ಫದಾರ್ಸೆ’, ಲ್ಯಾಟಿನ್ ಅಮೆರಿಕದಲ್ಲಿ ‘ಎನೊಹಾರ್ಸೆ’.