ತಲೆ ಒಣಗಿಸಲು ಜಾಗ

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬಾಕೆಯ ವಿಷಯ ಇದು. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯವರ ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಮನೆಯೊಳಗೆ ತಲೆಯ ಬಟ್ಟೆ ಸಡಿಲಿಸಲು ಜಾಗವಿಲ್ಲ ಎಂಬ ಇದೇ ತಕರಾರು ಬೇರೆ ಬೇರೆ ಮನೆಗಳಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯುತ್ತಿದ್ದೇನೆ. ಆದರೆ ಅದು ತನ್ನ ಹೆಸರಿನಲ್ಲಿ ಬರುವುದೇ ಇಲ್ಲ. ತಲೆನೋವು ಎಂದೋ, ಸಿಡುಕು ಎಂದೋ, 'ಹೊಂದಿಕೊಂಡು ಹೋಗಲ್ಲ' ಎಂದೋ, 'ದೀನ್ (ಧರ್ಮ) ಮೇಲೆ ಆಸಕ್ತಿ ಕಡಿಮೆಯಾಗಿದೆ' ಎಂದೋ ಬರುತ್ತದೆ.

ಆಕೆಗೆ ಮದುವೆಯಾಗಿ ಎರಡು ವರ್ಷ. ಸುನ್ನಿ, ಹನಫಿ ಪಂಥದ ಮನೆ. ಎರಡು ಕೋಣೆ, ಒಂದು ಹಾಲ್, ಒಂದೇ ಬಚ್ಚಲು. ಅತ್ತೆ, ಮಾವ, ಗಂಡ, ಮದುವೆಯಾಗದ ಇಬ್ಬರು ಮೈದುನರು. ತಲೆನೋವಿಗೆ ಪರೀಕ್ಷೆಗಳೆಲ್ಲ ಮುಗಿದು ಏನೂ ಕಾಣದಿದ್ದಾಗ ವೈದ್ಯರು ನನ್ನ ಬಳಿ ಕಳಿಸಿದ್ದರು. ಗಂಡನ ದೂರು ಒಂದೇ: ಮನೆಯಲ್ಲಿ ತಮ್ಮಂದಿರ ಎದುರು ಮುಖ ಮುಚ್ಚುವ ನಿಖಾಬ್ ಹಾಕು ಎಂದರೆ ಅಳುತ್ತಾಳೆ.

ಇಂಥ ಕಡೆ ಸಲಹೆಗಾರರ ಬಳಿ ಎರಡು ಸಿದ್ಧ ಉತ್ತರ ಇರುತ್ತವೆ. ಒಬ್ಬರು 'ನಿಮಗೆ ಬೇಡವಾದರೆ ತೆಗೆದುಬಿಡಿ, ಅದು ನಿಮ್ಮ ಹಕ್ಕು' ಎನ್ನುತ್ತಾರೆ. ಇನ್ನೊಬ್ಬರು 'ಸಬರ್ (ತಾಳ್ಮೆ) ಮಾಡಿಮ್ಮಾ' ಎನ್ನುತ್ತಾರೆ. ಎರಡೂ ಆಕೆ ಕೇಳದೇ ಇದ್ದ ಪ್ರಶ್ನೆಗೆ ಕೊಟ್ಟ ಉತ್ತರ. ಆಕೆ ಐದು ಹೊತ್ತಿನ ನಮಾಜು ಬಿಟ್ಟವಳಲ್ಲ. ಹೊರಗೆ ಹೋಗುವಾಗ ಬುರ್ಖಾ ತನ್ನಿಷ್ಟದಿಂದಲೇ ಹಾಕುತ್ತಿದ್ದಳು.

ಎರಡನೇ ಭೇಟಿಯಲ್ಲಿ ಆಕೆಯೊಬ್ಬಳನ್ನೇ ಕೂರಿಸಿ, ಬೆಳಿಗ್ಗೆ ಐದರಿಂದ ರಾತ್ರಿ ಮಲಗುವವರೆಗೆ ಯಾವ ಹೊತ್ತಿನಲ್ಲಿ ತಲೆ ಮೇಲೆ ಬಟ್ಟೆ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ಬರೆಸಿದೆ. ಬರೆಯುತ್ತಾ ಬರೆಯುತ್ತಾ ಪೆನ್ನು ನಿಂತಿತು. ಫಜರ್‌ಗೆ (ಬೆಳಗಿನ ಜಾವದ ನಮಾಜಿಗೆ) ಎದ್ದು ಸ್ನಾನ, ನಮಾಜು, ಅಡುಗೆಮನೆ. ಮೈದುನರ ಬಟ್ಟೆಯ ಬೀರು ಇದ್ದದ್ದು ದಂಪತಿಯ ಕೋಣೆಯಲ್ಲಿ. ಇಸ್ತ್ರಿ ಮೇಜೂ ಅಲ್ಲೇ. ಒಳಗಿನಿಂದ ಹಾಕಿಕೊಳ್ಳಲು ಚಿಲಕವಿಲ್ಲ. ಶರ್ಟು ಬೇಕಾದಾಗ ಅವರು 'ಭಾಬಿ' ಎನ್ನುತ್ತಲೇ ಒಳಗೆ ಬಂದುಬಿಡುತ್ತಿದ್ದರು. ಹಾಗಾಗಿ ಮಲಗುವಾಗಲೂ ಸ್ಕಾರ್ಫು.

"ತಲೆ ಒಣಗಿಸಲಿಕ್ಕೂ ಜಾಗ ಇಲ್ಲ ಮೇಡಂ" ಎಂದಳು.

ಒದ್ದೆ ಕೂದಲನ್ನು ಗಂಟು ಕಟ್ಟಿ, ಮೇಲೆ ಎಲಾಸ್ಟಿಕ್ ಇರುವ ಪಾಲಿಯೆಸ್ಟರ್ ಒಳಟೋಪಿ ಎಳೆದು, ಅದರ ಮೇಲೆ ಸ್ಕಾರ್ಫು ಪಿನ್ನು ಮಾಡಿ, ಹದಿನೇಳು ಗಂಟೆ. ಎಲಾಸ್ಟಿಕ್ ಹಣೆಯ ಸುತ್ತ ಒತ್ತುತ್ತದೆ, ಗಂಟು ಹಿಂದಕ್ಕೆ ಜಗ್ಗುತ್ತದೆ. ತಲೆನೋವು ಬರಲು ಇಷ್ಟು ಸಾಕು. ತೇವ ಆರದ ನೆತ್ತಿಯಲ್ಲಿ ಹೊಟ್ಟು, ಕೆರೆತ. ಜಗ್ಗಿ ಜಗ್ಗಿ ಮುಂದಲೆ ಕೂದಲು ತೆಳುವಾಗುತ್ತದೆ. ಆಕೆಯ ಹಣೆಯ ಅಂಚಿನಲ್ಲಿ ಅದು ಆಗಲೇ ಕಾಣುತ್ತಿತ್ತು.

ಮುಂದಿನ ಭೇಟಿಗೆ ಗಂಡನನ್ನೂ ಕರೆದೆ. ಆತ ಓದಿಕೊಂಡು ಬಂದಿದ್ದ. ಮೈದುನ ಮಹ್ರಮ್ ಅಲ್ಲ, ಅಂದರೆ ಪರ್ದಾ ಬೇಡದ ಹತ್ತಿರದ ಸಂಬಂಧಿಯಲ್ಲ, ಎಂದ. ಸರಿ. ಕುರಾನಿನ ಅಧ್ಯಾಯ ಸೂರಾ ನೂರ್‌ನ 31ನೇ ಆಯತ್ತಿನಲ್ಲಿ (ವಚನದಲ್ಲಿ) ಇರುವ ಪಟ್ಟಿಯಲ್ಲಿ ಗಂಡ, ತಂದೆ, ಗಂಡನ ತಂದೆ, ಮಕ್ಕಳು, ಅಣ್ಣತಮ್ಮಂದಿರು, ಅವರ ಮಕ್ಕಳು, ಅಕ್ಕತಂಗಿಯರ ಮಕ್ಕಳು ಇದ್ದಾರೆ. ಗಂಡನ ತಮ್ಮ ಇಲ್ಲ. ನಮ್ಮ ಕಡೆಯ ರೂಢಿ ಇದಕ್ಕೆ ತಿರುಗಾಮುರುಗಾ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ, ಯಾವ ಜಾತಿ ಧರ್ಮವಾದರೂ ಸರಿ, ಮಾವನ ಎದುರು ತಲೆ ಮೇಲೆ ಸೆರಗು, ಮೈದುನನ ಜೊತೆ ತಮಾಷೆ. ಇಸ್ಲಾಮಿನ ಶಾಸ್ತ್ರದಲ್ಲಿ ಮಾವನ ಎದುರು ತಲೆ ಮುಚ್ಚಲೇಬೇಕೆಂದಿಲ್ಲ, ಮೈದುನನ ಎದುರು ಮುಚ್ಚಬೇಕು. ಈಕೆ ಇಬ್ಬರ ಎದುರೂ ಮುಚ್ಚುತ್ತಿದ್ದಳು, ರೂಢಿಗೊಂದು, ದೀನಿಗೊಂದು.

ಆಮೇಲೆ ಆತ 'ಮೈದುನ ಎಂದರೆ ಸಾವು' ಎಂಬ ಹದೀಸ್, ಅಂದರೆ ಪ್ರವಾದಿಯವರ ಮಾತಿನ ವರದಿ, ಹೇಳಿದ. ಬುಖಾರಿ, ಮುಸ್ಲಿಂ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಅದರ ಮೊದಲ ವಾಕ್ಯ ಏನು ಎಂದು ಕೇಳಿದೆ. ಫೋನಿನಲ್ಲಿ ತೆಗೆದು ತಾನೇ ಓದಿದ: ಹೆಂಗಸರಿರುವಲ್ಲಿಗೆ ನುಗ್ಗುವ ವಿಷಯದಲ್ಲಿ ಎಚ್ಚರ. ಆಗ ಒಬ್ಬರು, ಗಂಡನ ಕಡೆಯ ಗಂಡಸರ ಗತಿ ಏನು ಎಂದು ಕೇಳಿದರು. ಅದಕ್ಕೆ ಬಂದದ್ದು ಸಾವಿನ ಮಾತು. ಎಚ್ಚರಿಕೆ ಕೊಟ್ಟದ್ದು ಒಳಗೆ ಬರುವ ಗಂಡಸಿಗೆ. ನಿಮ್ಮ ಮನೆಯಲ್ಲಿ ಇದನ್ನು ಇದುವರೆಗೆ ಯಾರಿಗೆ ಹೇಳಿದ್ದೀರಿ ಎಂದೆ. ಆತ ಹೆಂಡತಿಯ ಕಡೆ ನೋಡಿ ಸುಮ್ಮನಾದ.

ಅದೇ ಸೂರಾದ 30ನೇ ಆಯತ್ತು ಗಂಡಸರ ದೃಷ್ಟಿಯ ಬಗ್ಗೆ. ಹೆಂಗಸರ ಮಾತು ಬರುವುದು ಅದಾದ ಮೇಲೆ. 58ನೇ ಆಯತ್ತು ಮನೆಯೊಳಗಿನ ಮಕ್ಕಳೂ ಕೆಲಸದವರೂ ಅನುಮತಿ ಕೇಳಿಯೇ ಬರಬೇಕಾದ ಮೂರು ಹೊತ್ತು ಹೇಳುತ್ತದೆ: ಫಜರ್‌ಗೆ ಮುಂಚೆ, ಮಧ್ಯಾಹ್ನ ಬಟ್ಟೆ ಕಳಚುವ ಹೊತ್ತು, ರಾತ್ರಿಯ ಇಶಾ ನಮಾಜು ಆದಮೇಲೆ. ಮಕ್ಕಳು ಪ್ರಾಯಕ್ಕೆ ಬಂದಮೇಲೆ ಯಾವಾಗಲೂ ಕೇಳಿಯೇ ಬರಬೇಕು. ಅಂದರೆ ಮನೆಯೊಳಗೆ ಬಟ್ಟೆ ಸಡಿಲಿಸುವ ಹೊತ್ತು ಇರುತ್ತದೆ ಎಂದು ಒಪ್ಪಿಕೊಂಡೇ ನಿಯಮ ಶುರುವಾಗುತ್ತದೆ. ಹನ್ನೆರಡನೇ ಶತಮಾನದ ಹನಫಿ ಗ್ರಂಥ 'ಹಿದಾಯಾ'ದ ಜೀವನಾಂಶದ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ: ಹೆಂಡತಿ ತಾನಾಗಿ ಒಪ್ಪದ ಹೊರತು ಗಂಡನ ಕಡೆಯವರಿಲ್ಲದ ವಾಸ ಆಕೆಯ ಹಕ್ಕು, ದೊಡ್ಡ ಮನೆಯೊಳಗೆ ಚಿಲಕವಿರುವ ಒಂದು ಪ್ರತ್ಯೇಕ ಕೋಣೆ ಕೊಟ್ಟರೂ ಸಾಕು. ಚಿಲಕ ಎಂಬ ಮಾತೇ ಅಲ್ಲಿದೆ.

ಹಾಗಾದರೆ ಹಿಜಾಬನ್ನು ಏಕೆ ಪ್ರಶ್ನಿಸಲಿಲ್ಲ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಆಕೆ ಪ್ರಶ್ನಿಸಲಿಲ್ಲ, ಅದಕ್ಕೆ. ಕಾಲೇಜಿನಲ್ಲಿ ಹಿಜಾಬ್ ಕುರಿತ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅದೇ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಇವುಗಳ ನಡುವೆ ಕಾಲೇಜು ಗೇಟಿನ ಬಗ್ಗೆ ಇಡೀ ರಾಜ್ಯ ಮಾತಾಡಿತು. ಅಡುಗೆಮನೆಯ ಬಾಗಿಲಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಕೊಟ್ಟ ಸಲಹೆ ಬಡಗಿಯ ಕೆಲಸದಂತೆಯೇ ಇತ್ತು. ಕೋಣೆಗೆ ಒಳಗಿನಿಂದ ಚಿಲಕ. ಬೀರು ಹಾಲಿಗೆ. ಮೈದುನರು ಬಾಗಿಲು ತಟ್ಟಿ, ಸಲಾಂ ಹೇಳಿ, ಮೂರು ಸಲಕ್ಕೂ ಉತ್ತರ ಬಾರದಿದ್ದರೆ ವಾಪಸು ಹೋಗುವುದು. ಇದೂ ಹದೀಸಿನದೇ ಕ್ರಮ. ಅಡುಗೆಮನೆಗೆ ಪರದೆ. ಅತ್ತೆ ಮನೆಯಲ್ಲಿಲ್ಲದಾಗ ಒಬ್ಬ ಮೈದುನನ ಜೊತೆ ಆಕೆಯೊಬ್ಬಳೇ ಉಳಿಯುವಂತಿಲ್ಲ. ಹೊರಗೆ ಹೋಗಬೇಕಾದವನು ಅವನು, ಕೋಣೆ ಸೇರಬೇಕಾದವಳು ಆಕೆಯಲ್ಲ. ಸ್ನಾನವಾದ ಮೇಲೆ ಮುಕ್ಕಾಲು ಗಂಟೆ ಬಾಗಿಲು ಹಾಕಿ ಕೂದಲು ಪೂರ್ತಿ ಒಣಗಿಸುವುದು. ಎಲಾಸ್ಟಿಕ್ ಟೋಪಿ ಬಿಟ್ಟು, ಹಿಂದೆ ದಾರ ಕಟ್ಟುವ ಹತ್ತಿ ಟೋಪಿ; ಗಂಟಿನ ಬದಲು ಸಡಿಲ ಜಡೆ. ಮನೆಗೆ ಎರಡೂಕಾಲು ಮೀಟರಿನ ತೆಳು ಹತ್ತಿ ದುಪಟ್ಟಾ. ಪಾಲಿಯೆಸ್ಟರ್ ತೋಳು ಗ್ಯಾಸ್ ಒಲೆಯ ಹತ್ತಿರ ಬೇಡವೇ ಬೇಡ, ಅದು ಉರಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಮುಖದ ವಿಷಯ ತೀರ್ಮಾನಿಸುವುದು ನನ್ನ ಕೆಲಸವಲ್ಲ, ಮುಫ್ತಿಯವರನ್ನೇ ಕೇಳಿ ಎಂದೆ. ಆದರೆ ಪ್ರಶ್ನೆ ಬರೆಯುವ ಕ್ರಮ ಹೇಳಿಕೊಟ್ಟೆ. 'ಮೈದುನನಿಂದ ಪರ್ದಾ ಬೇಕೇ' ಎಂದು ಕೇಳಿದರೆ 'ಬೇಕು' ಎಂದಷ್ಟೇ ಉತ್ತರ ಬರುತ್ತದೆ, ಅದನ್ನು ಹಿಡಿದುಕೊಂಡು ಮನೆಗೆ ಬಂದು ಜಗಳ. ಎಷ್ಟು ಜನ, ಎಷ್ಟು ಕೋಣೆ, ಬಚ್ಚಲು ಎಲ್ಲಿ, ಬೇರೆ ಮನೆ ಮಾಡುವ ಶಕ್ತಿ ಇದೆಯೇ, ಆಕೆಗೆ ಏನು ತೊಂದರೆ, ತಾನು ಏನು ಒದಗಿಸಬೇಕು, ಇಷ್ಟನ್ನೂ ಬರೆಯಬೇಕು. ಒಟ್ಟು ಕುಟುಂಬದ ಇಕ್ಕಟ್ಟು ವಿವರಿಸಿದಾಗ, ದೊಡ್ಡ ದುಪಟ್ಟಾದಲ್ಲಿ ಮೈ ತಲೆ ಮುಚ್ಚಿ ಮುಖ, ಕೈ ತೆರೆದಿರಬಹುದು, ಏಕಾಂತ ಮಾತ್ರ ಕೂಡದು ಎಂಬ ಉತ್ತರ ಉರ್ದು ಫತ್ವಾಗಳಲ್ಲಿ ಸಾಮಾನ್ಯ. ಈತನಿಗೂ ಹಾಗೆಯೇ ಬಂತು.

ಎಡವಿದ್ದು ಚಿಲಕದಲ್ಲಿ. 'ನಿನ್ನೆ ಮೊನ್ನೆ ಬಂದವಳು ಬಾಗಿಲು ಹಾಕ್ಕೋತಾಳೆ' ಎಂದು ಅತ್ತೆ ಊಟ ಬಿಟ್ಟರು. ಚಿಲಕ ತಂದು ಹಾಕಿದ್ದು ಮಗ, ಅದರ ಕಾರಣವನ್ನು ಹೇಳಬೇಕಾದವನೂ ಮಗನೇ ಎಂದು ಮೊದಲೇ ಒತ್ತಿ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ನಾಲ್ಕನೇ ಭೇಟಿಗೆ ಅತ್ತೆಯೂ ಬಂದರು. ಹೆಚ್ಚು ಮಾತಾಡಲಿಲ್ಲ. ಚಿಕ್ಕ ಮೈದುನನಿಗೆ ಮಾತ್ರ ನಿರಾಳವಾಗಿತ್ತಂತೆ. ಆ ಕೋಣೆಗೆ ಹೋಗಲು ಅವನಿಗೂ ಮುಜುಗರವಾಗುತ್ತಿತ್ತು.

ಆರು ವಾರಕ್ಕೆ ತಲೆನೋವು ದಿನಾ ಇದ್ದದ್ದು ವಾರಕ್ಕೊಮ್ಮೆ ಆಗಿದೆ. ಬೀರು ಹಾಲಿಗೆ ಹೋಗಿದೆ. ಇಸ್ತ್ರಿ ಮೇಜು ಇನ್ನೂ ಕೋಣೆಯಲ್ಲೇ ಇದೆ.