ಸೈ-ಫೈ ಗೇಮ್‌ಗೆ ಸೆಟ್ಟಿಂಗ್ ಪುಸ್ತಕ ಬೇಕೇನು? ಬೇಕು, ಆದ್ರ ತೆಳ್ಳಗಿಂದು ನೋಡಿ ತಗೋರಿ

ನೀವು ಕೇಳಿದ್ದು: ರೂಲ್‌ಬುಕ್ ಐತಿ, ಡೈಸ್ ಅದಾವು, ನಾಕೈದು ಹುಡುಗ್ರು ರೆಡಿ ಅದಾರ, ಸ್ಪೇಸ್ ಮ್ಯಾಲ ಒಂದು ಟೇಬಲ್‌ಟಾಪ್ ಗೇಮ್ (ಒಬ್ಬಾಂವ ಕಥಿ ನಡಸ್ತಾನ, ಉಳದವ್ರು ಒಂದೊಂದು ಪಾತ್ರ ಆಡ್ತಾರಲ್ಲ, ಅದು) ಶುರು ಮಾಡ್ಬೇಕು, ಇದರ ಮ್ಯಾಲ ಮತ್ತ ಸೆಟ್ಟಿಂಗ್ ಸೋರ್ಸ್‌ಬುಕ್ ಅಂತ, ಅಂದ್ರ ಗೇಮ್ ನಡಿಯೂ ಜಗತ್ತಿನ ವಿವರ ಇರೂ ಪುಸ್ತಕ, ಮಾರ್ತಾರಲ್ಲ, ಅದಕ್ಕ ರೊಕ್ಕ ಹಾಕೂದು ಖರೇನ ಉಪಯೋಗೋ ಸುಮ್ನ ದಂಡೋ ಅಂತ. ನಾ ಬೆಳಗಾವ್ಯಾಗ ಟಿಳಕವಾಡಿ ಕಡೆ ಒಂದು ರೂಮಿನ್ಯಾಗ ಆರು ವರ್ಷದಿಂದ ರವಿವಾರ ಸಂಜೀಕ ಗೇಮ್ ನಡಸ್ತೀನಿ, ಪುಸ್ತಕ ಇಟ್ಕೊಂಡೂ ನಡಸೀನಿ, ಇಲ್ದನೂ ನಡಸೀನಿ. ಬೇಕ್ರಿ. ಆದ್ರ ಮಂದಿ ಯಾವ ಕಾರಣಕ್ಕ ತಗೋತಾರಲ್ಲ, ಅದಕ್ಕಲ್ಲ.

ಮೊದಲ ನಾನೂ ಯಾಕ ಬೇಕು ಅಂತ ನಂದ ಒಂದು ಗ್ಯಾಲಕ್ಸಿ ಬರದೆ. ಎರಡು ನೋಟ್‌ಬುಕ್ ತುಂಬ ಹತ್ತು ಸಾವಿರ ವರ್ಷದ ಇತಿಹಾಸ, ಯಾವ ರಾಜ ಯಾರ್ನ ಕೊಂದ, ಯಾವ ಗ್ರಹ ಯಾವಾಗ ಸುಟ್ಟು ಹೋತು, ಎಲ್ಲಾ. ಕಥಿ ಏನಂದ್ರ ಒಂದು ಗುಟ್ಟಿನ ಸುದ್ದಿ ಹಡಗದಾಗ ತಗೊಂಡು ಇನ್ನೊಂದು ಗ್ರಹಕ್ಕ ಮುಟ್ಟಸ್ಬೇಕು, ದಾರ್ಯಾಗ ವೈರಿಗೋಳು ಬೆನ್ನ ಹತ್ತತಾರ. ಶುರು ಆಗಿ ಹತ್ತು ಮಿನಿಟ್ ಆಗಿದ್ದಿಲ್ಲ, ಒಬ್ಬಾಂವ ಗಿರ್ಮಿಟ್ ತಿನ್ಕೋತ ಕೇಳಿದ, "ಅಲ್ಲೋ ಮಾರಾಯಾ, ಫೋನ್ ಹಚ್ಚಿ ಹೇಳಿದ್ರ ಆಗಂಗಿಲ್ಲೇನು?" ಅಲ್ಲಿ ಫೋನ್ ಐತೋ ಇಲ್ಲೋ ನಾ ಯೋಚನೀನ ಮಾಡಿದ್ದಿಲ್ಲ, ಬಾಯಿ ತಪ್ಪಿ ಐತಿ ಅಂದೆ. ಮುಗೀತು. ಫೋನ್ ಹಚ್ಚಿದ್ರು, ಸುದ್ದಿ ಹೇಳಿದ್ರು, ಚಾ ಕುಡದು ಮನೀಗೆ ಹೋದ್ರು.

ರಾಜ, ರಾಕ್ಷಸ, ಕಾಡು ಇರೂ ಗೇಮ್‌ನಾಗ ಈ ತ್ರಾಸ ಬರಂಗಿಲ್ಲ. ಕೋಟೆ ಬಾಗಲಾ ಅಂದ್ರ ಎಲ್ಲಾರೂ ನಮ್ಮೂರ ಕಿಲ್ಲೇನ ನೆನಸ್ಕೋತಾರ, ದರ್ಬಾರ ಅಂದ್ರ ಬಯಲಾಟದಾಗ ನೋಡ್ಯಾರ, ಯಾರ ಮುಂದ ಬಗ್ಗಬೇಕು ಯಾರ ಮುಂದ ಎದಿ ಸೆಟಸಬೇಕು ಅನ್ನೂದು ಹೇಳಿ ಕೊಡಬೇಕಾಗಿಲ್ಲ. ಸ್ಪೇಸ್ ಸ್ಟೇಷನ್ನಿನ ಬಾಗಲಾ ಅಂದ್ರ ಐದು ಮಂದಿ ತಲ್ಯಾಗ ಐದು ಬ್ಯಾರೆ ಬ್ಯಾರೆ ಬಾಗಲಾ. ಅಲ್ಲಿ ಚೆಕಿಂಗ್ ಐತೇನು, ಬಂದೂಕ ಒಳಗ ಒಯ್ಯಬಹುದೇನು, ಊಟಕ್ಕ ಏನ್ ಸಿಗತೈತಿ, ಇದೆಲ್ಲಾ ಮೊದಲ ಒಪ್ಪಂದ ಆಗಿರಬೇಕು. ಸೋರ್ಸ್‌ಬುಕ್ ಅಂದ್ರ ನನ್ನ ಪ್ರಕಾರ ಆ ಒಪ್ಪಂದದ ಕಾಗದ, ಕಥಿ ಪುಸ್ತಕ ಅಲ್ಲ.

ಆಮ್ಯಾಲ ಟ್ರಾವೆಲರ್ ಹಿಡದೆ. 1977ರಾಗ ಮಾರ್ಕ್ ಮಿಲ್ಲರ್ ಮಾಡಿದ ಗೇಮ್ ಅದು, ಮೊದಲ ಬಂದಾಗ ಮೂರ ಸಣ್ಣ ಕರೀ ಪುಸ್ತಕ, ಅದರಾಗ ನಿಮ್ಮ ಜಗತ್ತು ನೀವ ಮಾಡ್ಕೋರಿ ಅನ್ನೂ ಲೆಕ್ಕ. 1979ರಾಗ ಸ್ಪಿನ್‌ವರ್ಡ್ ಮಾರ್ಚಸ್ ಅಂತ ಒಂದು ತೆಳ್ಳಗಿನ ಪುಸ್ತಕ ತಂದ್ರು, ಬರೇ ನಕಾಶೆ ಮತ್ತ ಗ್ರಹದ ಪಟ್ಟಿ. ಈ ಜಗತ್ತಿನ್ಯಾಗ ಹಡಗಕ್ಕಿಂತ ಜೋರ ಓಡೂ ಫೋನು, ರೇಡಿಯೋ ಯಾವ್ದೂ ಇಲ್ಲ. ಹಡಗ ಒಂದು ಜಂಪ್, ಅಂದ್ರ ನಕ್ಷತ್ರದಿಂದ ನಕ್ಷತ್ರಕ್ಕ ಒಂದು ಜಿಗಿತ, ಹೊಡದ್ರ 1 ಪಾರ್ಸೆಕ್ (ನಕ್ಷತ್ರಗೋಳ ದೂರ ಅಳಿಯೂ ಮಾಪು) ಹೋಗ್ಲಿ 6 ಪಾರ್ಸೆಕ್ ಹೋಗ್ಲಿ ಸುಮಾರು ಒಂದು ವಾರ ಬೇಕ ಬೇಕು, ಅಂದ್ರ ಬಾಜೂ ನಕ್ಷತ್ರದ ಸುದ್ದಿ ನಿಮಗ ಮುಟ್ಟೂದ್ರಾಗ ಒಂದು ವಾರ ಹಳೇದು. ಇದ ಒಂದು ಮಾತಿನಿಂದ ಎಷ್ಟ್ ಹುಟ್ಟತೈತಿ ನೋಡ್ರಿ, ರಾಜಧಾನಿಯಿಂದ ಅಪ್ಪಣೆ ಬರೂತನಕ ಕಾಯಾಕ ಆಗಂಗಿಲ್ಲ ಅಂತ ದೂರದ ಊರಾಗ ಅಲ್ಲಲ್ಲೇ ಜಹಗೀರದಾರರಂಗ ಸರದಾರರ ಆಡಳಿತ, ಟಪಾಲು ಒಯ್ಯಾಕ ಬ್ಯಾರೇನ ಹಡಗ, ಮತ್ತ ವ್ಯಾಪಾರ. ನಮ್ಮ ಟೇಬಲ್ಲಿನ್ಯಾಗ ಒಬ್ಬನ ಮನ್ಯಾಗ ಎಪಿಎಂಸಿ ಒಳಗ ಉಳ್ಳಾಗಡ್ಡಿ ದಲ್ಲಾಳಿ ಧಂದೆ, ಅಂವ ಒಂದ ಸಲ ಕೇಳಿ ಹೇಳಿದ, "ಹಂಗಾದ್ರ ರೇಟ್ ಮೊದಲ ಯಾರಿಗೆ ಗೊತ್ತಾಕ್ಕೈತಿ ಅಂವನ ಶಾಣ್ಯಾ." ಅವತ್ತಿಂದ ಅಂವ ಯಾವ ಬಂದರಕ್ಕ ಹೋದ್ರೂ ಮೊದಲ ಕೇಳೂದು ಹೊಸಾ ಹಡಗ ಯಾವಾಗ ಬಂತು ಅಂತ.

ಪಟ್ಟಿ ಹೆಂಗಿರ್ತೈತಿ ಅಂದ್ರ, ರೆಜೀನಾ ಅನ್ನೂ ಗ್ರಹಕ್ಕ ಈಗಿನ ಪುಸ್ತಕದಾಗ ಎ788899-ಸಿ ಅಂತ ಬರದಿರ್ತಾರ. ನೋಡಿದ್ರ ಗಾಡಿ ನಂಬರ್ ಅನಸ್ತೈತಿ. ಎ ಅಂದ್ರ ಅಗದಿ ಮೇಲಿನ ದರ್ಜೆ ಬಂದರ, ಆಮೇಲಿಂದು ಗ್ರಹದ ಗಾತ್ರ, ಗಾಳಿ, ನೀರು, ಮಂದಿ, ಸರ್ಕಾರ, ಕಾನೂನು, ಕಡೀಕ ತಂತ್ರಜ್ಞಾನ ಎಷ್ಟ್ ಮುಂದ ಹೋಗೈತಿ ಅನ್ನೂದು. ಸರ್ಕಾರದ 9 ಅಂದ್ರ ಫೈಲ್ ಟೇಬಲ್ಲಿಂದ ಟೇಬಲ್ಲಿಗೆ ಓಡಾಡೂ ರಾಜ್ಯ (ಇದನ್ನ ನಮ್ಮ ಮಂದಿಗೆ ಬಿಡಿಸಿ ಹೇಳೂ ಜರೂರಿ ಬೀಳ್ಲಿಲ್ಲ). ಕಾನೂನಿನ 9 ಅಂದ್ರ ಮನಿ ಹೊರಗ ಆಯುಧ ಹಿಡ್ಕೊಂಡು ತಿರಗಂಗಿಲ್ಲ. ನಮ್ಮಾಗ ಒಬ್ಬಾಂವ ಉದ್ಯಮಬಾಗದ ಫೌಂಡ್ರ್ಯಾಗ ಕೆಲಸ ಮಾಡ್ತಾನ, ಅವನ ಪಾತ್ರ ಶಾಟ್‌ಗನ್ ಬಿಟ್ಟು ಸಂಡಾಸಕ್ಕೂ ಹೋಗಂಗಿಲ್ಲ. ನಾ ಆ ಅಂಕಿ ನೋಡಿ, ಹಡಗದಾಗ ಇಟ್ಟು ಬಾ ಅಂದೆ. ಅಂವ ಸ್ವಲ್ಪ ಹೊತ್ತು ಸುಮ್ನ ಕುಂತು, ಕಿಸೆದಾಗಿನ ಪೆನ್ನು ತಗದು, ನನ್ನ ನೋಟ್‌ಬುಕ್ಕಿನ ಹಾಳಿ ಹರದು ಅಲ್ಲೇ ಡೆಲಿವರಿ ಚಲನ್ ಬರದ: ಪಂಪ್ ಕಾಸ್ಟಿಂಗ್, ನಗ ಮೂರು, ರಿಜೆಕ್ಷನ್ ಮಾಲು, ವಾಪಸ್. ಶಾಟ್‌ಗನ್ ಮೂರು ತುಂಡು ಮಾಡಿ ಅದರಾಗ ಹಾಕ್ಯಾನಂತ. ಕಸ್ಟಮ್ಸ್ ಸಾಹೇಬ ಮಾಲು ತೂಕಕ್ಕ ಹಚ್ಚಿದ, ಚಲನ್ ಮ್ಯಾಲ ಬರದಿದ್ದ ತೂಕ ಕೂಡ್ಲಿಲ್ಲ, ಆ ಲಫಡಾ ಬಿಡಸ್ಕೊಳ್ಳಾಕ ನಮಗ ಎರಡು ರವಿವಾರ ಹಿಡೀತು. ಒಂದು ಅಂಕಿ, ಎರಡು ರವಿವಾರ, ನಾ ತಯಾರಿ ಅಂತ ಏನೂ ಮಾಡಿದ್ದಿಲ್ಲ.

ನಕಾಶೆನೂ ಹಂಗ. ಹಡಗದ ಸಾಲ 40 ವರ್ಷದ ಕಂತು, ತಿಂಗಳಾ ಹಡಗದ ಬೆಲೆದಾಗ 240ರಾಗ ಒಂದು ಪಾಲು ಕಟ್ಟಬೇಕು ಅಂತ ರೂಲ್‌ಬುಕ್ ಹೇಳ್ತೈತಿ. ಆದ್ರ ಆ ರೊಕ್ಕ ಎಲ್ಲಿ ದುಡೀಬೇಕು? ಸಣ್ಣ ವ್ಯಾಪಾರಿ ಹಡಗ ಒಂದ ಜಂಪಿಗೆ 1 ಪಾರ್ಸೆಕ್ ಅಷ್ಟ ಹೋಗೂದು, ಹಿಂಗಾಗಿ ನಕಾಶೆ ನೋಡಿದ್ರ ತಿಳೀತೈತಿ ಯಾವ ಊರು ಮುಟ್ಟತೈತಿ ಯಾವ್ದು ಮುಟ್ಟಂಗಿಲ್ಲ ಅಂತ. ಅದರ ಮ್ಯಾಲ ಹುಡುಗ್ರು ತಮ್ಮಷ್ಟಕ ತಾವ ಜಗಳಾಡ್ತಾರ, ನಾ ಸುಮ್ನ ಚಾ ಕುಡೀತೀನಿ.

ಉಪಯೋಗಿಲ್ಲದ್ದು ಅಂದ್ರ ರಾಜವಂಶದ ಪಟ್ಟಿ, ಯುದ್ಧದ ತಾರೀಖು, ನಡನಡಕ ಹಾಕೂ ಸಣ್ಣ ಕಥಿಗೋಳು, ಪುಟಗಟ್ಲೆ ಬಂದೂಕ. ಓದಾಕ ಛಲೋ, ರಾತ್ರಿ ನಿದ್ದಿ ಬರಲಾರ್ದಾಗ ನಾನೂ ಓದ್ತೀನಿ, ಆದ್ರ ಟೇಬಲ್ ಮ್ಯಾಲ ಯಾರೂ ಕೇಳಂಗಿಲ್ಲ. ಅದಕ್ಕಿಂತ ತಲಿನೋವು ಅಂದ್ರ ನಿಮಗಿಂತ ಜಾಸ್ತಿ ಓದ್ಕೊಂಡು ಬರೂ ಆಟಗಾರ, "ಈ ಸರದಾರ ಇಷ್ಟೊತ್ತಿಗೆ ಸತ್ತಿರಬೇಕಲ್ಲ" ಅಂತ ನಡಕ ಬಾಯಿ ಹಾಕ್ತಾನ. ಮೊದಲ ರವಿವಾರನ ಹೇಳಿ ಬಿಡ್ರಿ, ಇವತ್ತಿಂದ ಮುಂದ ಇದು ನಮ್ಮ ಗ್ಯಾಲಕ್ಸಿ, ಪುಸ್ತಕದ್ದಲ್ಲ.

ಹಂಗಂತ ಸೋರ್ಸ್‌ಬುಕ್ಕನ್ನ ಹಗುರ ತಿಳೀಬ್ಯಾಡ್ರಿ. 1987ರಾಗ ವೆಸ್ಟ್ ಎಂಡ್ ಗೇಮ್ಸ್ ಅನ್ನೂ ಕಂಪನಿಯವರು ಸ್ಟಾರ್ ವಾರ್ಸ್ ಸಿನಿಮಾದ ಮ್ಯಾಲ ಗೇಮ್ ಮತ್ತ ಅದರ ಸೋರ್ಸ್‌ಬುಕ್ ತಂದ್ರು. ಮುಂದ ಟಿಮೊಥಿ ಝಾನ್ ಅನ್ನೂ ಲೇಖಕ 1991ರಾಗ ಬಂದ ತನ್ನ ಸ್ಟಾರ್ ವಾರ್ಸ್ ಕಾದಂಬರಿ ಬರಿಯೂ ಮುಂದ ಆ ಸಿನಿಮಾ ಮಾಡಿದ ಲ್ಯೂಕಾಸ್‌ಫಿಲ್ಮ್‌ನವರು ಅವಂಗ ಆ ಗೇಮ್ ಪುಸ್ತಕಗೋಳ್ನ ಕಳಿಸಿ ಕೊಟ್ರು. ಇದನ್ನ ನೋಡ್ಕೊಂಡು ಬರಿ ಅಂತ.

ನೀವು ಈಗ ಮಾಡೂದು ಇಷ್ಟ. ರೊಕ್ಕ ಹಾಕೂ ಮೊದಲ ಸ್ಟಾರ್ಸ್ ವಿದೌಟ್ ನಂಬರ್ ಅನ್ನೂ ಸೈ-ಫೈ ಗೇಮಿನ ಫ್ರೀ ಪಿಡಿಎಫ್ ಇಳಿಸ್ಕೋರಿ, ಅದರಾಗ ಡೈಸ್ ಹಾಕಿ ಗ್ರಹಗೋಳ್ನ ಮಾಡೂ ಟೇಬಲ್ ಅದಾವು, ಒಂದು ಸಂಜ್ಯಾಗ ಒಂದು ಸಣ್ಣ ನಕಾಶೆ ತಯಾರಾಕ್ಕೈತಿ. ಎಕ್ಲಿಪ್ಸ್ ಫೇಸ್ ಅನ್ನೂ ಇನ್ನೊಂದು ಸೈ-ಫೈ ಗೇಮ್‌ನೂ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನ್ಯಾಗ ಬಿಟ್ಟಾರ, ವ್ಯಾಪಾರ ಮಾಡ್ಲಾರ್ದ ದೋಸ್ತರಿಗೆ ಕಾಪಿ ಕೊಟ್ರ ತಪ್ಪಿಲ್ಲ, ಆದ್ರ ಹೊಸಬ್ರಿಗೆ ಅದು ಭಾಳ ಜಡಾ ಆಕ್ಕೈತಿ. ಆಮ್ಯಾಲ ತಗೊಳ್ಳೂದಾದ್ರ ಸ್ಯಾಂಪಲ್ ಪುಟ ನೋಡ್ರಿ, ನಡಕಿಂದು ಯಾವ್ದರ ಒಂದು ಪುಟ ಓದ್ರಿ, ಒಂದು ಮಿನಿಟಿನ್ಯಾಗ ಹುಡುಗ್ರ ಮುಂದ ಇಡೂವಂಥ ಒಂದು ಪೇಚು ಹೊಳದ್ರ ತಗೋರಿ. ಬರೇ ಇತಿಹಾಸ ಬಂತಂದ್ರ ಮುಚ್ಚಿ ಇಡ್ರಿ.

ನಾ ಹಿಂಗ ನೋಡಲಾರ್ದ ಒಂದು ದಪ್ಪಂದು ತಗೊಂಡು, ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗಸಿ ಸ್ಪೈರಲ್ ಹಾಕಸಿದ್ದೆ, ಹೋದ್ ಜುಲೈ ಮಳಿಗೆ ರೂಮ್ ಸೋರಿ ಅರ್ಧಾ ತೋಯ್ತು. ನೀವು ಬೆಳಗಾವಿ ಕಡೇವ್ರ ಇದ್ರ ಮೆಸೇಜ್ ಹಾಕ್ರಿ, ನೋಡಾಕ ಕೊಡ್ತೀನಿ. ರಾಜವಂಶದ ಹಾಳಿ ಎಲ್ಲಾ ಒಂದಕ್ಕೊಂದು ಅಂಟ್ಕೊಂಡಾವು, ನಕಾಶೆ ಅಷ್ಟ ನೆಟ್ಟಗ ಉಳದೈತಿ.