ಆ ಫೋಟೋ ಯಾರ ಮನೆಯಲ್ಲಿತ್ತು?

ಶಿವಮೊಗ್ಗದ ಓದುಗರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಕಥೆ ಓದಿ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಆ ಕಥೆಯಲ್ಲಿ ಪತ್ತೇದಾರ ರಾತ್ರಿ ಹೊತ್ತು ಮೇಜಿನ ಖಾನೆ ತೆಗೆದು, ಬಿಟ್ಟುಹೋದ ಹೆಂಡತಿಯ ಹಳೇ ಫೋಟೋ ನೋಡುತ್ತಾ ಕೂರುತ್ತಾನೆ. ನಿಮಗೆ ಸಿಟ್ಟು ಬಂದಿರುವುದು ಅಲ್ಲಿಯೇ. "ಪತ್ತೇದಾರ ಅಂದರೆ ಸಂಸಾರ ಮುರಿದಿರಲೇಬೇಕಾ? ಊರವರ ಗುಟ್ಟೆಲ್ಲ ಬಯಲು ಮಾಡುವವನಿಗೆ ಸ್ವಂತ ಮನೆಯಲ್ಲಿ ನಡೆಯೋದು ಕಾಣಲ್ವಾ?" ಎಂದು ಕೇಳಿದ್ದೀರಿ.

ಪತ್ರ ಓದಿದಾಗ ನನಗೆ ನೆನಪಾದವರು ಅಮೆರಿಕದ ಡ್ಯಾಶಿಯಲ್ ಹ್ಯಾಮೆಟ್. ಕಾದಂಬರಿಕಾರ ಎಂದು ಹೆಸರಾಗುವ ಮೊದಲು ಅವರು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿದ ನಿಜವಾದ ಪತ್ತೇದಾರ. 1915ರಲ್ಲಿ ಕೆಲಸಕ್ಕೆ ಸೇರಿದಾಗ ವಯಸ್ಸು 21. 1918ರಲ್ಲಿ ಸೈನ್ಯಕ್ಕೆ ಹೋದರು. ಅಲ್ಲಿ ಫ್ಲೂ ಬಂತು, ಹಿಂದೆಯೇ ಕ್ಷಯ. 1920ರ ಕೊನೆಗೆ ಟಕೋಮಾ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಜೋಸೆಫೀನ್ ಡೋಲನ್ ಎಂಬ ನರ್ಸ್ ಪರಿಚಯವಾದರು. ಎಲ್ಲರ ಬಾಯಲ್ಲಿ ಜೋಸ್. ಮುಂದಿನ ಜುಲೈಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮದುವೆ ಆಯಿತು. ಅದೇ ವರ್ಷ ಮೊದಲ ಮಗಳು ಹುಟ್ಟಿದಳು, 1926ರಲ್ಲಿ ಎರಡನೆಯವಳು.

ಆ 1926ರಲ್ಲಿಯೇ ರೋಗ ಮತ್ತೆ ಜೋರಾಯಿತು. ಕ್ಷಯಕ್ಕೆ ಆಗ ಔಷಧಿ ಇರಲಿಲ್ಲ. ಮೈಸೂರಿನ ಕ್ಷಯದ ಆಸ್ಪತ್ರೆ ಪಿ.ಕೆ. ಸ್ಯಾನಿಟೋರಿಯಂ ಹೆಸರು ಕೇಳಿ ಬೆಳೆದ ನಮ್ಮ ಹಿರಿಯರಿಗೆ ಆ ಭಯ ಗೊತ್ತು. ತಟ್ಟೆ ಬೇರೆ, ಲೋಟ ಬೇರೆ, ಮಕ್ಕಳನ್ನು ಹತ್ತಿರ ಬಿಡುವ ಹಾಗಿಲ್ಲ. ಅಲ್ಲಿಯೂ ಅದೇ ಆಯಿತು. ಹೆಂಡತಿ ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇರಬೇಡಿ ಎಂದು ಆರೋಗ್ಯ ಇಲಾಖೆಯ ನರ್ಸ್‌ಗಳು ಹ್ಯಾಮೆಟ್‌ಗೆ ಹೇಳಿದರು. ಜೋಸ್ ಮಕ್ಕಳನ್ನು ಕರೆದುಕೊಂಡು ಬೇರೆ ಬಾಡಿಗೆ ಮನೆಗೆ ಹೋದರು. ಹ್ಯಾಮೆಟ್ ರೂಮಿನಲ್ಲಿ ಒಬ್ಬರೇ ಕೂತು ಬರೆದರು, ಆಗಾಗ ಹೋಗಿ ನೋಡಿಕೊಂಡು ಬಂದರು.

ಇಲ್ಲಿ ಜಗಳ ಇಲ್ಲ, ಮೋಸ ಇಲ್ಲ. ಪತ್ತೆ ಮಾಡುವುದಕ್ಕೆ ಏನಿತ್ತು ಹೇಳಿ? ಹಾಗಂತ ಎಲ್ಲವನ್ನೂ ರೋಗದ ತಲೆಗೆ ಕಟ್ಟುವುದು ನನಗೆ ಇಷ್ಟವಿಲ್ಲ. ದೂರ ಮಾಡಿದ್ದು ರೋಗ. 1929ರಲ್ಲಿ ನ್ಯೂಯಾರ್ಕಿಗೆ ಹೊರಟು ನಿಂತದ್ದು ಅವರೇ.

ಮರುವರ್ಷ ಅವರ ಪತ್ತೇದಾರಿ ಕಾದಂಬರಿ 'ದಿ ಮಾಲ್ಟೀಸ್ ಫಾಲ್ಕನ್' ಪುಸ್ತಕವಾಗಿ ಬಂತು. ಅರ್ಪಣೆಯ ಪುಟದಲ್ಲಿ ಇರುವುದು ಜೋಸ್ ಹೆಸರು. ಕಾದಂಬರಿಯ ನಡುವೆ ಪತ್ತೇದಾರ ಒಂದು ಹಳೇ ಪ್ರಕರಣ ಹೇಳುತ್ತಾನೆ. ಒಬ್ಬ ಗೃಹಸ್ಥ ಮಧ್ಯಾಹ್ನ ಊಟಕ್ಕೆ ಅಂತ ಆಫೀಸಿನಿಂದ ಹೊರಟವನು ದಾರಿಯಲ್ಲಿ ಸಾವಿನಿಂದ ಕೂದಲೆಳೆಯಷ್ಟರಲ್ಲಿ ಪಾರಾಗುತ್ತಾನೆ. ಹೆಂಡತಿ, ಮಕ್ಕಳು, ಮನೆ ಎಲ್ಲ ಬಿಟ್ಟು ಹಾಗೇ ಹೊರಟುಹೋಗುತ್ತಾನೆ. ವರ್ಷಗಳ ನಂತರ ಸಿಕ್ಕಾಗ ಇನ್ನೊಂದು ಊರಿನಲ್ಲಿ ಅಂಥದ್ದೇ ಸಂಸಾರ ಕಟ್ಟಿಕೊಂಡಿರುತ್ತಾನೆ. ಅವನು ಬಿಟ್ಟುಹೋದ ಊರು ಯಾವುದು ಗೊತ್ತಾ? ಟಕೋಮಾ. ಜೋಸ್ ಸಿಕ್ಕಿದ ಊರು. ಸುಮ್ನೆ ಬಾಯಿಗೆ ಬಂದ ಹೆಸರು ಅಂತ ನನಗಂತೂ ಅನಿಸುವುದಿಲ್ಲ.

ಈಗ ನಿಮ್ಮ ಫೋಟೋ ವಿಷಯಕ್ಕೆ ಬರುತ್ತೇನೆ. ಕಥೆಗಳಲ್ಲಿ ಫೋಟೋ ಯಾವಾಗಲೂ ಗಂಡಸಿನ ಖಾನೆಯಲ್ಲಿರುತ್ತದೆ. ಅವನು ನೋಡುತ್ತಾನೆ, ನಮಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ. ಹ್ಯಾಮೆಟ್ ವಿಷಯದಲ್ಲಿ ಹಾಗಲ್ಲ. ಮದುವೆಗೆ ಮೊದಲು ಅವರು ಬರೆದ ಪ್ರೇಮಪತ್ರಗಳನ್ನು ಜೋಸ್ ಜೋಪಾನವಾಗಿ ಇಟ್ಟುಕೊಂಡಿದ್ದರು. ಫೋಟೋಗಳು ಉಳಿದದ್ದೂ ಆ ಕಡೆಯ ಮನೆಯಲ್ಲಿಯೇ. ಅಪ್ಪ 1961ರಲ್ಲಿ ತೀರಿಕೊಂಡರು. ಅದಾಗಿ 40 ವರ್ಷದ ಮೇಲೆ ಚಿಕ್ಕ ಮಗಳು ಆ ಫೋಟೋಗಳನ್ನು ಸೇರಿಸಿ ತನ್ನ ನೆನಪುಗಳ ಪುಸ್ತಕ ತಂದಳು. ಆಕೆಯ ಹೆಸರೂ ಅಮ್ಮನದೇ, ಜೋಸೆಫೀನ್.

ಹಾಗಾಗಿ ಮುರಿದ ಸಂಸಾರದ ಬಗ್ಗೆ ನಿಮ್ಮ ತಕರಾರು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ಪತ್ರ ಓದಿದ ಮೇಲೆ ಆ ಕಥೆಯನ್ನು ಇನ್ನೊಮ್ಮೆ ಓದಿದೆ. ಫೋಟೋದಲ್ಲಿರುವ ಹೆಂಡತಿಗೆ ಇಡೀ ಕಥೆಯಲ್ಲಿ ಒಂದು ಹೆಸರಿಲ್ಲ. ಅಚ್ಚಿಗೆ ಕಳಿಸುವ ಮೊದಲೇ ಅದು ನನ್ನ ಕಣ್ಣಿಗೆ ಬೀಳಬೇಕಿತ್ತು. ನನ್ನ ತಪ್ಪು. ಕಥೆಗಾರರಿಗೆ ಫೋನ್ ಮಾಡಿ "ಆಕೆಯ ಹೆಸರೇನು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಯೋಚನೆ ಮಾಡಿರಲಿಲ್ಲ ಸರ್, ಆಕೆಯ ಕಡೆಯಿಂದ ಒಂದು ಕಥೆ ಬರೆದುಕೊಡಲಾ?" ಎಂದರು.

ಬರೆಯಿರಿ ಎಂದಿದ್ದೇನೆ. ಕೈಸೇರಿದ ಕೂಡಲೇ ಒಂದು ಪ್ರತಿ ನಿಮಗೆ ಕಳಿಸುತ್ತೇನೆ. ಈ ಸಲ ಅಚ್ಚಾಗುವ ಮೊದಲೇ ಓದಿ, ಏನನಿಸಿತು ಅಂತ ಬರೆಯಿರಿ.

– ಸಂಪಾದಕ